ಹಳೆ ಮಿಷನ್ನಿನ ಕೋಡ್ ಪುಸ್ತಕ ನಮಗೂ ಕೊಡಿ

ಗೆ,
ಕಾರ್ಯದರ್ಶಿಗಳು, ಗ್ರಾಹಕ ವ್ಯವಹಾರಗಳ ಇಲಾಖೆ, ಭಾರತ ಸರ್ಕಾರ, ನವದೆಹಲಿ
ಹಾಗೂ
ಈ ದೇಶದಲ್ಲಿ ಎಕ್ಸ್‌ಕವೇಟರ್ ಮಾರುವ ಎಲ್ಲ ಕಂಪನಿಗಳ ಮುಖ್ಯಸ್ಥರಿಗೆ

ವಿಷಯ: ಸೆಕೆಂಡ್ ಹ್ಯಾಂಡ್ ಎಕ್ಸ್‌ಕವೇಟರ್‌ಗಳ ಫಾಲ್ಟ್ ಕೋಡ್‌ಗಳ ವಿವರ, ವೈರಿಂಗ್ ನಕ್ಷೆ ಮತ್ತು ಕೋಡ್ ಓದುವ ಉಪಕರಣ ಮಾಲೀಕರಿಗೂ ಹೊರಗಿನ ಮೆಕ್ಯಾನಿಕ್‌ಗಳಿಗೂ ಸಿಗದೆ ಇರುವ ಬಗ್ಗೆ.

ಮಾನ್ಯರೇ,

ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಈ ಸೀಮೆಯಲ್ಲಿ ಚೈನ್ ಮಿಷನ್‌ಗಳ, ಅಂದರೆ ಚೈನ್ ಮೇಲೆ ಓಡುವ ಎಕ್ಸ್‌ಕವೇಟರ್‌ಗಳ, ಎಲೆಕ್ಟ್ರಿಕಲ್ ಕೆಲಸ ಮಾಡಿ ಜೀವನ ನಡೆಸುವವನು ನಾನು. ನನ್ನ ಬಳಿ ಬರುವ ಗಾಡಿಗಳಲ್ಲಿ ಹೊಸದು ಅಪರೂಪ. ಹೊಸ ಗಾಡಿಗೆ ವಾರಂಟಿ ಇರುತ್ತದೆ, ಕಂಪನಿಯವರೇ ಬಂದು ನೋಡುತ್ತಾರೆ. ವಾರಂಟಿ ಮುಗಿದು, ಮೊದಲ ಮಾಲೀಕ ಮಾರಿ, ಎರಡನೆಯವನ ಕೈಯಿಂದ ಮೂರನೆಯವನಿಗೆ ಬಂದ ಮೇಲೆ ಆ ಗಾಡಿ ನಮ್ಮಂಥವರ ಪಾಲಿಗೆ ಬರುತ್ತದೆ. ಕೃಷಿ ಹೊಂಡ ತೋಡುವುದು, ಕೆರೆ ಹೂಳೆತ್ತುವುದು, ಹೊಲ ಸಮ ಮಾಡುವುದು, ಪೈಪ್‌ಲೈನಿಗೆ ಕಾಲುವೆ ತೆಗೆಯುವುದು ಹೀಗೆ ಹಳ್ಳಿಯ ಮಣ್ಣಿನ ಕೆಲಸ ಬಹುಪಾಲು ನಡೆಯುವುದು ಇಂಥ ಹಳೆ ಮಿಷನ್‌ಗಳಿಂದಲೇ.

ನಮ್ಮ ಕಡೆ ಇದಕ್ಕೊಂದು ಹಿನ್ನೆಲೆಯೂ ಇದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಸಾಲ ಮಾಡಿ ಎಕ್ಸ್‌ಕವೇಟರ್, ಟಿಪ್ಪರ್ ಕೊಂಡವರ ಕೆಲಸ ಒಂದೇ ದಿನಕ್ಕೆ ನಿಂತುಹೋಯಿತು. ಕಂತು ಕಟ್ಟಲಾಗದೆ ಗಾಡಿ ಕಳೆದುಕೊಂಡವರು ಎಷ್ಟೋ ಜನ. ಆ ಗಾಡಿಗಳು ಹರಾಜಿಗೆ ಬಂದವು, ಕೈ ಬದಲಾಯಿಸಿದವು. ಕೆಲವು ಇನ್ನೂ ದುಡಿಯುತ್ತಿವೆ. ಗಣಿಯಲ್ಲಿ ದುಡಿದ ಮಿಷನ್ನಿನ ಒಂದು ಕಪ್ಲರ್ (ವೈರ್ ಸೇರಿಸುವ ಜೋಡಣೆ) ಬಿಚ್ಚಿ ನೋಡಿ: ರಬ್ಬರ್ ಸೀಲಿನೊಳಗೂ ಅದಿರಿನ ಕೆಂಪು ಧೂಳು ಹೊಕ್ಕಿರುತ್ತದೆ. ಮಳೆಗಾಲದಲ್ಲಿ ಅದಕ್ಕೆ ತೇವ ಸೇರಿ ಪಿನ್ನುಗಳ ಮೇಲೆ ಹಸಿರು ಕಿಲುಬು ಕೂರುತ್ತದೆ. ಕಾರವಾರ, ಮಂಗಳೂರು ಕಡೆಯಿಂದ ಬಂದ ಗಾಡಿಗಳಲ್ಲಿ ಇದೇ ಕೆಲಸವನ್ನು ಉಪ್ಪುಗಾಳಿ ಮಾಡಿರುತ್ತದೆ.

ಇಂಥ ಗಾಡಿಯ ಮಾನಿಟರ್ ಮೇಲೆ ಒಂದು ನಂಬರ್ ಮೂಡುತ್ತದೆ, ಅದೇ ಫಾಲ್ಟ್ ಕೋಡ್. ಎಂಜಿನ್ ಪಿಕಪ್ ಬಿಟ್ಟುಬಿಡುತ್ತದೆ, ಇಲ್ಲವೇ ಬೂಮ್ ಎತ್ತಲಾರದೆ ನಿಲ್ಲುತ್ತದೆ. ಗಾಡಿ ಯಾರ ಹೊಲದಲ್ಲಿ ನಿಂತಿತೋ ಅವರಿಗೂ, ಕಂತು ಕಟ್ಟಬೇಕಾದ ಮಾಲೀಕನಿಗೂ, ಭತ್ಯೆ ಮೇಲೆ ಬದುಕುವ ಆಪರೇಟರ್‌ಗೂ ಆ ನಂಬರಿನ ಅರ್ಥ ಗೊತ್ತಿಲ್ಲ. ಅರ್ಥ ಬರೆದ ಪುಸ್ತಕ ಕಂಪನಿಯಲ್ಲಿದೆ, ಅದು ನಮಗೆ ಸಿಗುವುದಿಲ್ಲ. ನನ್ನ ದೂರು ಇಷ್ಟೇ. ಆದರೆ ಇದರಿಂದ ಏನೇನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ದೆಹಲಿಯ ಕಚೇರಿಯಲ್ಲಿ ಕುಳಿತವರಿಗೆ ಇದೊಂದು ಸಣ್ಣ ತಾಂತ್ರಿಕ ವಿಷಯವಾಗಿ ಕಾಣಬಹುದು.

ಮೊದಲನೆಯದಾಗಿ, ಕೋಡ್ ಬಂದರೆ ಆ ಪಾರ್ಟು ಕೆಟ್ಟಿದೆ ಎಂದಲ್ಲ. ಆ ಸರ್ಕಿಟ್‌ನಿಂದ ಬಂದ ವೋಲ್ಟೇಜ್ ಕಂಟ್ರೋಲರ್‌ಗೆ, ಅಂದರೆ ಗಾಡಿಯ ಕಂಪ್ಯೂಟರ್‌ಗೆ, ಒಪ್ಪಿಗೆಯಾಗಲಿಲ್ಲ ಎಂದಷ್ಟೇ. ಡೀಸೆಲ್ ಎಂಜಿನ್‌ಗಳಲ್ಲಿ ಹೆಚ್ಚಾಗಿ ಬಳಸುವ ಜೆ1939 ಪದ್ಧತಿಯಲ್ಲಿ ಎರಡು ನಂಬರ್ ಬರುತ್ತವೆ. ಎಸ್‌ಪಿಎನ್ ಎಂಬುದು ಯಾವ ಸರ್ಕಿಟ್ ಎಂದು ಹೇಳುತ್ತದೆ, ಎಫ್‌ಎಂಐ ಎಂಬುದು ತೊಂದರೆ ಯಾವ ಬಗೆಯದು ಎಂದು. ಎಸ್‌ಪಿಎನ್ 100 ಎಂದರೆ ಎಂಜಿನ್ ಆಯಿಲ್ ಪ್ರೆಶರ್, 110 ಎಂದರೆ ಕೂಲಂಟ್ ಟೆಂಪರೇಚರ್. ಎಫ್‌ಎಂಐ 3 ಬಂದರೆ ವೋಲ್ಟೇಜ್ ಇರಬೇಕಾದ್ದಕ್ಕಿಂತ ಮೇಲೆ ಹೋಗಿದೆ, 4 ಬಂದರೆ ಕೆಳಗೆ ಬಿದ್ದಿದೆ, 5 ಬಂದರೆ ಕರೆಂಟ್ ಇರಬೇಕಾದ್ದಕ್ಕಿಂತ ಕಡಿಮೆಯಿದೆ, ಇಲ್ಲವೇ ಎಲ್ಲೋ ವೈರ್ ಕಟ್ಟಾಗಿದೆ.

ಇಷ್ಟು ಗೊತ್ತಿದ್ದರೆ ಏನು ಮಾಡಬಹುದು ಎಂಬುದಕ್ಕೆ ಕೂಲಂಟ್ ಸೆನ್ಸರ್ ಒಂದನ್ನೇ ಹಿಡಿದು ಹೇಳುತ್ತೇನೆ. 110, ಜೊತೆಗೆ 4 ಬಂದಿದೆ ಎಂದಿಟ್ಟುಕೊಳ್ಳಿ. ಸೆನ್ಸರ್‌ನ ಕಪ್ಲರ್ ಕಿತ್ತು ಕೀ ಆನ್ ಮಾಡಬೇಕು. 4 ಹೋಗಿ 3 ಬಂದರೆ ಕಂಟ್ರೋಲರ್ ಸರಿಯಿದೆ, ಅಲ್ಲಿಯವರೆಗಿನ ವೈರೂ ಸರಿಯಿದೆ, ಸೆನ್ಸರ್ ಒಳಗೇ ಶಾರ್ಟ್ ಆಗಿದೆ. ಕಪ್ಲರ್ ಕಿತ್ತ ಮೇಲೂ 4 ಹಾಗೇ ನಿಂತರೆ ಸೆನ್ಸರ್‌ದು ತಪ್ಪಿಲ್ಲ, ವೈರ್ ಎಲ್ಲೋ ಗಾಡಿಯ ಕಬ್ಬಿಣಕ್ಕೆ ತಾಗಿದೆ. ಮೊದಲಿಗೇ 3 ಬಂದಿದ್ದರೆ ಕಪ್ಲರ್‌ನ ಎರಡು ಪಿನ್ನುಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ ನೋಡಬೇಕು; ಕೋಡ್ 4ಕ್ಕೆ ತಿರುಗಿದರೆ ಸೆನ್ಸರ್ ಬದಲಿಸಿದರೆ ಸಾಕು. ಐದು ನಿಮಿಷದ ಕೆಲಸ ಇದು. ಲ್ಯಾಪ್‌ಟಾಪ್ ಬೇಡ, ಇಂಜಿನಿಯರ್ ಬೇಡ. ಐಟಿಐ ಮುಗಿಸಿದ ಹುಡುಗನಿಗೆ ಒಮ್ಮೆ ತೋರಿಸಿದರೆ ಜೀವಮಾನವಿಡೀ ಮಾಡುತ್ತಾನೆ. ಆದರೆ ಆ ಎರಡು ನಂಬರ್ ಕಾಣಬೇಕಲ್ಲ! ಎಷ್ಟೋ ಮಿಷನ್‌ಗಳ ಮಾನಿಟರ್ ಈ ನಂಬರುಗಳನ್ನು ತೋರಿಸುವುದೇ ಇಲ್ಲ, ಕಂಪನಿಯದೇ ಇನ್ನೊಂದು ಲೆಕ್ಕದ ನಂಬರ್ ತೋರಿಸುತ್ತದೆ. ಎಂಜಿನ್ ಬಿಟ್ಟು ಹೈಡ್ರಾಲಿಕ್ ಪಂಪ್, ಸ್ವಿಂಗ್, ಟ್ರಾವೆಲ್ ಕಡೆಗೆ ಬಂದರಂತೂ ಒಂದೊಂದು ಕಂಪನಿಗೆ ಒಂದೊಂದು ಪಟ್ಟಿ. ಜಪಾನಿನಲ್ಲಿ ದುಡಿದು ಇಲ್ಲಿಗೆ ಬಂದ ಹಳೆ ಮಿಷನ್ ಆದರೆ ಮಾನಿಟರ್ ಮೇಲಿನ ಬರಹವೂ ಜಪಾನಿ ಭಾಷೆಯಲ್ಲೇ.

ಕಾರಿನ ಗ್ಯಾರೇಜಿನವರಿಗೆ ಈ ಕಷ್ಟ ಇಷ್ಟಿಲ್ಲ. ಕಾರುಗಳಲ್ಲಿ ಒಬಿಡಿ, ಅಂದರೆ ಗಾಡಿಯೇ ತನ್ನ ದೋಷ ಗುರುತಿಸುವ ವ್ಯವಸ್ಥೆ, ಕಡ್ಡಾಯವಾದ ಮೇಲೆ ಎಲ್ಲ ಕಂಪನಿಗೂ ಒಂದೇ ಬಗೆಯ ಸಾಕೆಟ್, ಮುಖ್ಯ ಕೋಡ್‌ಗಳಿಗೆ ಒಂದೇ ಅರ್ಥ. ಪಿ0335 ಎಂದರೆ ಯಾವ ಕಾರಾದರೂ ಕ್ರ್ಯಾಂಕ್ ಸೆನ್ಸರ್ ಸರ್ಕಿಟ್. ಸಣ್ಣ ಸ್ಕ್ಯಾನರ್ ಇಟ್ಟುಕೊಂಡ ರಸ್ತೆಬದಿಯ ಮೆಕ್ಯಾನಿಕ್ ಕೂಡ ಅದನ್ನು ಓದಬಲ್ಲ. ಕಾರಿಗಿಂತ ಎಷ್ಟೋ ಪಟ್ಟು ಬೆಲೆಬಾಳುವ, ನಿಂತರೆ ಒಂದು ಮನೆಯ ಅನ್ನವೇ ನಿಲ್ಲುವ ಯಂತ್ರಕ್ಕೆ ಈ ಸೌಲಭ್ಯ ಯಾಕಿಲ್ಲ?

ಈಗ ನಾನೇ ಕೈಯಾರೆ ಮಾಡಿದ ಒಂದು ಕೆಲಸ ಹೇಳುತ್ತೇನೆ. ಬ್ಯಾಂಕ್ ಹರಾಜಿನಲ್ಲಿ ಇಪ್ಪತ್ತು ಟನ್ನಿನ ಮಿಷನ್ ಹಿಡಿದ ರೈತರೊಬ್ಬರು. ಜಮೀನಿನ ಮೇಲೆ ಸಾಲ ತೆಗೆದು, ಮಗನನ್ನೇ ಆಪರೇಟರ್ ಮಾಡಿ ಕೆಲಸಕ್ಕೆ ಇಳಿಸಿದ್ದರು. ಖಾಲಿ ಓಡಿಸಿದರೆ ಏನೂ ತೊಂದರೆಯಿಲ್ಲ. ಬಕೆಟ್ ಮಣ್ಣಿಗೆ ಇಳಿದು ಗಾಡಿ ನಡುಗಿದಾಗ ಮಾನಿಟರ್ ಮೇಲೆ ಒಟ್ಟಿಗೇ ಮೂರು ಕೋಡ್, ಎಂಜಿನ್ ಮಂದ. ಕಂಪನಿಯ ಹೆಸರು ಇಲ್ಲಿ ಬೇಡ. ಅದರ ಡೀಲರ್ ಕಡೆಯಿಂದ ಇಂಜಿನಿಯರ್ ಬಂದರು, ಲ್ಯಾಪ್‌ಟಾಪ್ ಹಾಕಿ ನೋಡಿದರು, ಬಂದು ಹೋದದ್ದಕ್ಕೆ ಚಾರ್ಜು ಪಡೆದರು. ಕೋಡ್ ಏನು ಹೇಳುತ್ತದೆ ಎಂದು ಆ ರೈತರು ಕೇಳಿದ್ದಕ್ಕೆ, ಅದು ಹೊರಗೆ ಹೇಳುವಂಥದ್ದಲ್ಲ ಎಂಬ ಉತ್ತರ ಬಂತು. ಮರುದಿನ ಕೊಟೇಶನ್ ಬಂತು: ಮೂರು ಸೆನ್ಸರ್, ಅದಕ್ಕೂ ಹೋಗದಿದ್ದರೆ ಮೇನ್ ಕಂಟ್ರೋಲರ್. ಲಕ್ಷಗಟ್ಟಲೆ ಹಣದ ಮಾತು.

ಆಮೇಲೆ ನನ್ನನ್ನು ಕರೆಸಿದರು. ಮೂರು ಸೆನ್ಸರ್ ಒಂದೇ ಗಳಿಗೆಯಲ್ಲಿ ಕೆಡುವುದಿಲ್ಲ. ಒಟ್ಟಿಗೆ ಮೂರು ಕೋಡ್ ಬಂದಿವೆಯೆಂದರೆ ಆ ಮೂರಕ್ಕೂ ಸೇರಿದ್ದು ಏನೋ ಒಂದು ಕೆಟ್ಟಿದೆ ಎಂದು ಲೆಕ್ಕ. ಪ್ರೆಶರ್ ಸೆನ್ಸರ್‌ಗೆ ಮೂರು ವೈರ್ ಇರುತ್ತವೆ: ಕಂಟ್ರೋಲರ್‌ನಿಂದ ಬರುವ 5 ವೋಲ್ಟ್, ಅರ್ತ್, ಮತ್ತು ಸಿಗ್ನಲ್. ಆ 5 ವೋಲ್ಟ್ ಹಲವು ಸೆನ್ಸರ್‌ಗಳಿಗೆ ಒಂದೇ ಕಡೆಯಿಂದ ಹಂಚಿಕೆಯಾಗಿರುತ್ತದೆ. ಎಲ್ಲಾದರೂ ಒಂದು ಕಡೆ ಅದು ಗಾಡಿಯ ಕಬ್ಬಿಣಕ್ಕೆ ತಾಗಿದರೆ ಆ ಸಾಲಿನ ಎಲ್ಲ ಸೆನ್ಸರ್‌ಗಳೂ ಒಟ್ಟಿಗೆ ಸುಳ್ಳು ಹೇಳುತ್ತವೆ. ಮೀಟರ್ ಹಚ್ಚಿ ನೋಡಿದೆ. ಎಂಜಿನ್ ನಿಂತಾಗ 5 ವೋಲ್ಟ್ ಸರಿಯಾಗಿತ್ತು. ಹೆಲ್ಪರ್‌ಗೆ ಪಂಪಿನ ಕಡೆಯ ಹಾರ್ನೆಸ್ (ವೈರುಗಳ ಕಟ್ಟು) ಅಲ್ಲಾಡಿಸಲು ಹೇಳಿದಾಗ ಅಂಕಿ ದಡಕ್ಕನೆ ಇಳಿಯಿತು. ಮೂರೂ ಸೆನ್ಸರ್ ಕಪ್ಲರ್ ಕಿತ್ತು ಅಲ್ಲಾಡಿಸಿದರೂ ಹಾಗೇ ಇಳಿಯುತ್ತಿತ್ತು. ಅಲ್ಲಿಗೆ ಸೆನ್ಸರ್‌ಗಳ ಮೇಲಿನ ಅನುಮಾನ ಮುಗಿಯಿತು. ನಡುವಿನ ಒಂದು ಕಪ್ಲರ್ ಬಿಡಿಸಿದ ಮೇಲೆ ಅಂಕಿ ನಿಂತಿತು. ಅಲ್ಲಿಂದ ಮುಂದಿನ ಕವಲನ್ನೇ ಕೈಯಲ್ಲಿ ಸವರುತ್ತ ಹೋದರೆ, ಪಂಪ್ ರೂಮಿನ ಹಿಂದೆ ಕ್ಲಾಂಪಿನ ರಬ್ಬರ್ ಯಾವಾಗಲೋ ಉದುರಿ, ಕಬ್ಬಿಣದ ಅಂಚು ವೈರಿನ ಮೇಲ್ಪದರ ತಿಂದಿತ್ತು. ತಾಮ್ರ ಹೊಳೆಯುತ್ತಿತ್ತು. ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಕ್ಲಾಂಪಿಗೆ ರಬ್ಬರ್ ಕೊಟ್ಟು ಕಟ್ಟಿದೆ. ಸಾಮಾನಿಗೆ ಆದ ಖರ್ಚು ನೂರರ ಲೆಕ್ಕದಲ್ಲೇ ಮುಗಿಯಿತು.

ವೈರ್ ಸವೆದಿದ್ದಕ್ಕೆ ಸೆನ್ಸರ್, ಕಂಟ್ರೋಲರ್ ಬದಲಿಸಹೊರಡುವ, ನೆಗಡಿಯಾಯಿತೆಂದು ಮೂಗು ಕೊಯ್ಯುವ ಇಂಥ ರಿಪೇರಿ ಎಲ್ಲೋ ಒಂದು ಕಡೆ ನಡೆದ ವಿಶೇಷ ಸಂಗತಿಯಲ್ಲ. ಡೀಲರ್ ಕಡೆಯ ಇಂಜಿನಿಯರ್‌ಗಳನ್ನು ದೂರುವುದಕ್ಕೂ ನನಗೆ ಮನಸ್ಸಿಲ್ಲ. ಅವರಲ್ಲಿ ಒಳ್ಳೆಯ ಕೆಲಸಗಾರರಿದ್ದಾರೆ. ಒಬ್ಬೊಬ್ಬರ ತಲೆಯ ಮೇಲೆ ನಾಲ್ಕೈದು ತಾಲ್ಲೂಕು, ಅದರಲ್ಲೂ ಹೊಸ ಗಾಡಿಗಳಿಗೇ ಮೊದಲ ಸರದಿ. ಹಳೆ ಗಾಡಿಯ ಹಾರ್ನೆಸ್ ಮುಂದೆ ಅರ್ಧ ದಿನ ಕೂರಲು ಅವರಿಗೆ ಪುರಸೊತ್ತಿಲ್ಲ. ಕೂರುವಷ್ಟು ಪುರಸೊತ್ತು, ತಾಳ್ಮೆ ಇರುವವರು ನಾವು. ನಮಗೆ ನಕ್ಷೆಯಿಲ್ಲ. ಯಾವ 5 ವೋಲ್ಟ್ ಯಾವ ಯಾವ ಸೆನ್ಸರ್‌ಗೆ ಹೋಗುತ್ತದೆ, ಯಾವ ಬಣ್ಣದ ವೈರ್ ಕಂಟ್ರೋಲರ್‌ನ ಎಷ್ಟನೇ ಪಿನ್ನಿಗೆ ಸೇರುತ್ತದೆ ಎಂಬ ಒಂದು ಹಾಳೆ ಕೈಯಲ್ಲಿದ್ದಿದ್ದರೆ ಅದೇ ಕೆಲಸ ಎಷ್ಟು ಬೇಗ ಮುಗಿಯುತ್ತಿತ್ತು! ಆ ಹಾಳೆಯಿಲ್ಲದೆ ಇಡೀ ಹಾರ್ನೆಸ್ಸಿನ ಟೇಪ್ ಬಿಚ್ಚಬೇಕಾಗುತ್ತದೆ, ಬಿಚ್ಚಿದಷ್ಟೂ ಹಳೆ ವೈರ್ ಇನ್ನಷ್ಟು ನೋಯುತ್ತದೆ.

ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಈ ನಕ್ಷೆಯ ಅಗತ್ಯ ಹೊಸ ಗಾಡಿಗಿಂತ ಹೆಚ್ಚು. ಹಿಂದಿನ ಕೈಗಳೆಲ್ಲ ಏನೇನು ಮಾಡಿವೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಫೈನಾನ್ಸ್‌ನವರು ಜಿಪಿಎಸ್ ಪೆಟ್ಟಿಗೆ ಹಾಕಲು ಸಿಕ್ಕ ವೈರನ್ನು ಹೆರೆದಿರುತ್ತಾರೆ. ರಾತ್ರಿ ಕೆಲಸಕ್ಕೆಂದು ಎಲ್‌ಇಡಿ ಲೈಟಿಗೆ ಕಂಟ್ರೋಲರ್‌ನ ಸಪ್ಲೈಯಿಂದಲೇ ಲೈನ್ ಎಳೆದಿರುತ್ತಾರೆ. ಫ್ಯೂಸ್ ಇರಬೇಕಾದಲ್ಲಿ ತಾಮ್ರದ ತಂತಿ. ಬ್ಯಾಟರಿ ಬಿಚ್ಚದೆ, ಕಂಟ್ರೋಲರ್ ಕಪ್ಲರ್ ಕೀಳದೆ ಬೂಮಿಗೆ ವೆಲ್ಡಿಂಗ್. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇಲಿ ಕಡಿದ ವೈರ್. ಎರಡು 12 ವೋಲ್ಟ್ ಬ್ಯಾಟರಿ ಸೇರಿ 24 ವೋಲ್ಟ್ ಕೊಡುವ ಈ ಗಾಡಿಗಳಲ್ಲಿ ಅರ್ತ್ ಕೇಬಲ್ ಒಂದು ಸಡಿಲವಾಗಿದ್ದರೆ ಸಾಕು, ಸೆಲ್ಫ್ ಹೊಡೆದಾಗ ವೋಲ್ಟೇಜ್ ಕುಸಿದು ಸಂಬಂಧವಿಲ್ಲದ ಕೋಡ್‌ಗಳ ಸಾಲೇ ಮೂಡುತ್ತದೆ. ಇನ್ನು ಕಂಟ್ರೋಲರ್‌ಗಳು ಒಂದರೊಡನೊಂದು ಮಾತಾಡುವ ಕ್ಯಾನ್ ಲೈನ್ ಎರಡು ಹೆಣೆದ ವೈರ್. ಅದರ ಎರಡು ತುದಿಗೂ 120 ಓಮ್ಸ್ ರೆಸಿಸ್ಟರ್. ಬ್ಯಾಟರಿ ಐಸೊಲೇಟರ್ ಆಫ್ ಮಾಡಿ ಅಳೆದರೆ ಸುಮಾರು 60 ಬರಬೇಕು. 120 ಬಂದರೆ ಒಂದು ತುದಿ ಕಟ್, ಸೊನ್ನೆಯ ಹತ್ತಿರ ಬಂದರೆ ಎರಡೂ ವೈರ್ ಕೂಡಿಕೊಂಡಿವೆ. ಇದು ಗೊತ್ತಿದ್ದವನು ಒಂದು ಮೀಟರಿನಿಂದ ಅರ್ಧ ದಾರಿ ಸಾಗುತ್ತಾನೆ. ಆದರೆ ಆ ಎರಡು ವೈರ್ ಎಲ್ಲಿ ಅಳೆಯಬೇಕು, ರೆಸಿಸ್ಟರ್ ಕ್ಯಾಬಿನ್ ಹಿಂದಿದೆಯೋ ಕಂಟ್ರೋಲರ್ ಒಳಗೇ ಇದೆಯೋ, ಅದನ್ನು ನಕ್ಷೆಯೇ ಹೇಳಬೇಕು.

ಮಾಹಿತಿ ಸಿಗದೆ ಹೋದರೆ ಜನ ಸುಮ್ಮನೆ ಕೂರುವುದಿಲ್ಲ. ಬೈಪಾಸ್ ಮಾಡುತ್ತಾರೆ. ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇದರದೇ. ಟೆಂಪರೇಚರ್ ಸೆನ್ಸರ್ ಜಾಗದಲ್ಲಿ ರೆಸಿಸ್ಟರ್ ಕೂರಿಸಿ ಕೋಡ್ ಅಳಿಸಿದರೆ ಎಂಜಿನ್ ಬಿಸಿಯಾದದ್ದು ಆಪರೇಟರ್‌ಗೆ ತಿಳಿಯುವುದೇ ಇಲ್ಲ, ಎಂಜಿನ್ ಹಿಡಿದುಕೊಂಡ ಮೇಲೆಯೇ ತಿಳಿಯುವುದು. ಅದು ಹಣದ ನಷ್ಟ. ಸೀಟಿನ ಪಕ್ಕದ ಸೇಫ್ಟಿ ಲಾಕ್ ಲಿವರ್ ವಿಷಯ ಹಾಗಲ್ಲ. ಆ ಲಿವರ್ ಎತ್ತಿದಾಗ ಸೊಲೆನಾಯ್ಡ್ ಒಂದು ಪೈಲಟ್ ಆಯಿಲನ್ನು ತಡೆದು ನಿಲ್ಲಿಸುತ್ತದೆ; ಆಗ ಜಾಯ್‌ಸ್ಟಿಕ್‌ಗೆ ಕೈ ತಾಗಿದರೂ ಬೂಮ್ ಅಲ್ಲಾಡುವುದಿಲ್ಲ. ಅದರ ಸ್ವಿಚ್ಚಿನ ಸರ್ಕಿಟ್‌ನಲ್ಲಿ ಕೋಡ್ ಬಂತು, ಅರ್ಥ ಗೊತ್ತಾಗಲಿಲ್ಲ, ಗಾಡಿ ನಡೆಯಲೇಬೇಕು ಎಂದು ಸೊಲೆನಾಯ್ಡ್‌ಗೆ ನೇರ 24 ವೋಲ್ಟ್ ಕೊಟ್ಟ ಗಾಡಿಗಳನ್ನು ನಾನು ಬಿಚ್ಚಿದ್ದೇನೆ. ಅಂಥ ಗಾಡಿಯ ಬಕೆಟ್ಟಿನ ಕೆಳಗೆ ಹೆಲ್ಪರ್ ಹುಡುಗ ಗ್ರೀಸ್ ಹೊಡೆಯುತ್ತಿರುತ್ತಾನೆ. ಆಪರೇಟರ್ ಕ್ಯಾಬಿನ್ನಿನಿಂದ ಇಳಿಯುವಾಗ ಅಂಗಿಯ ತುದಿ ಜಾಯ್‌ಸ್ಟಿಕ್‌ಗೆ ಸಿಕ್ಕಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ದಾರಿ ಕಳ್ಳ ಸಾಫ್ಟ್‌ವೇರ್. ಕಂಪನಿಯ ಡಯಾಗ್ನೋಸ್ಟಿಕ್ ಪ್ರೋಗ್ರಾಮನ್ನು ಯಾರೋ ಒಡೆದು ಲ್ಯಾಪ್‌ಟಾಪಿಗೆ ಹಾಕಿ ಮಾರುತ್ತಾರೆ. ಓದುವುದು ಬರೆಯುವುದು ಎರಡೂ ಅದರಲ್ಲಿ ತೆರೆದಿರುತ್ತದೆ. ಅರಿಯದವನು ಒಂದು ಅಂಕಿ ತಪ್ಪಾಗಿ ಬರೆದರೆ ಕಂಟ್ರೋಲರ್ ಸತ್ತೇಹೋಯಿತು. ಓದುವ ಉಪಕರಣವನ್ನು ನ್ಯಾಯವಾದ ಬೆಲೆಗೆ ಮಾರಿದ್ದರೆ ಈ ಕಳ್ಳಮಾರುಕಟ್ಟೆಯ ಬಹುಪಾಲು ಗಿರಾಕಿಗಳು ಅತ್ತ ಸುಳಿಯುತ್ತಲೇ ಇರಲಿಲ್ಲ.

ಕಂಪನಿಗಳ ಆತಂಕವನ್ನು ನಾನು ಅಲ್ಲಗಳೆಯುವುದಿಲ್ಲ. ಎಂಜಿನ್ ಶಕ್ತಿ ಹೆಚ್ಚಿಸಲು, ಹೊಗೆಯ ನಿಯಂತ್ರಣ ತೆಗೆದುಹಾಕಲು, ಅವರ್ ಮೀಟರ್ ತಿದ್ದಲು ಬಯಸುವವರು ಇದ್ದೇ ಇದ್ದಾರೆ. ಹಾಗಾಗಿ ಪ್ರೋಗ್ರಾಮ್ ಬರೆಯುವ ಭಾಗಕ್ಕೆ ಅವರು ಎಷ್ಟು ಬೀಗ ಬೇಕಾದರೂ ಹಾಕಿಕೊಳ್ಳಲಿ, ನನ್ನ ಒಪ್ಪಿಗೆಯಿದೆ. ನಾವು ಕೇಳುತ್ತಿರುವುದು ಓದುವುದಕ್ಕೆ: ಕೋಡ್ ಪಟ್ಟಿ, ಪ್ರತಿ ಕೋಡ್‌ಗೆ ಪರೀಕ್ಷೆಯ ಕ್ರಮ, ವೈರಿಂಗ್ ನಕ್ಷೆ, ಲೈವ್ ರೀಡಿಂಗ್ ತೋರಿಸುವ ಉಪಕರಣ. ಒಂದು ಸೆನ್ಸರ್ ಎಷ್ಟು ವೋಲ್ಟ್ ಕೊಡಬೇಕು ಎಂಬುದು ವ್ಯಾಪಾರದ ಗುಟ್ಟಾಗುವುದು ಹೇಗೆ?

ಮಾನ್ಯ ಕಾರ್ಯದರ್ಶಿಗಳೇ, ಇದು ಹೊಸ ಕಾನೂನಿನ ಕನಸೇನೂ ಅಲ್ಲ. ನಮ್ಮದೇ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು ಹದಿನಾಲ್ಕು ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಬಿಡಿಭಾಗಗಳನ್ನೂ ಡಯಾಗ್ನೋಸ್ಟಿಕ್ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದೇ ಅಲ್ಲಿನ ಆರೋಪ. ದಂಡದ ವಿಚಾರ ಮೇಲ್ಮನವಿಗೆ ಹೋಯಿತು, ಅದು ಬೇರೆ ಮಾತು. ಆ ಆದೇಶ ಹಿಡಿದ ತತ್ವ ಎಕ್ಸ್‌ಕವೇಟರ್‌ಗೂ ಅಷ್ಟೇ ಸಲ್ಲುತ್ತದೆ. 2022ರ ಜುಲೈನಲ್ಲಿ ನಿಮ್ಮ ಇಲಾಖೆಯೇ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ರಚಿಸಿತು, ಅದೇ ವರ್ಷದ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕರ ದಿನದಂದು ರೈಟ್ ಟು ರಿಪೇರಿ ಪೋರ್ಟಲ್ ಆರಂಭಿಸಿತು. ಆಗ ಆರಿಸಿಕೊಂಡ ಕ್ಷೇತ್ರಗಳು ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ. ಮಣ್ಣು ಅಗೆಯುವ ಯಂತ್ರಗಳಿಗೆ ಅದರಲ್ಲಿ ಪ್ರತ್ಯೇಕ ಜಾಗವಿಲ್ಲ. ರೈತನ ಟ್ರಾಕ್ಟರ್ ಕೃಷಿ ಉಪಕರಣ, ಅದೇ ರೈತನ ಹೊಲದಲ್ಲಿ ಹೊಂಡ ತೋಡುವ ಮಿಷನ್ ಯಾವ ಲೆಕ್ಕಕ್ಕೂ ಇಲ್ಲ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಕೃಷಿ ಯಂತ್ರಗಳ ರಿಪೇರಿಗೆ ಬೇಕಾದ ಕೈಪಿಡಿ, ಬಿಡಿಭಾಗ, ಸಾಫ್ಟ್‌ವೇರ್ ಮಾಲೀಕರಿಗೂ ಹೊರಗಿನ ಮೆಕ್ಯಾನಿಕ್‌ಗಳಿಗೂ ಸಿಗಬೇಕೆಂಬ ಕಾನೂನು 2024ರ ಜನವರಿ 1ರಿಂದ ಜಾರಿಯಲ್ಲಿದೆ. ಅಲ್ಲಿಯ ರೈತರು ವರ್ಷಗಟ್ಟಲೆ ಪಟ್ಟು ಹಿಡಿದು ಪಡೆದದ್ದು ಅದು.

ವ್ಯಾಪಾರಕ್ಕೆಂದು ಯಂತ್ರ ಕೊಂಡವನು ಗ್ರಾಹಕನೇ ಅಲ್ಲ ಎಂದು ಯಾರಾದರೂ ಹೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಅದಕ್ಕೆ ಉತ್ತರ ಕೊಟ್ಟಿದೆ: ಸ್ವಯಂ ಉದ್ಯೋಗದ ಮೂಲಕ ಹೊಟ್ಟೆಪಾಡಿಗಾಗಿಯೇ ಕೊಂಡು ತಾನೇ ಬಳಸುವವನು ಗ್ರಾಹಕನೇ. ಮಗನನ್ನು ಆಪರೇಟರ್ ಮಾಡಿಕೊಂಡ ಆ ರೈತರಂಥ ಮನೆಗಳನ್ನು ನೆನಪಿನಲ್ಲಿಟ್ಟೇ ಆ ಮಾತು ಬರೆದರೇನೋ ಎನಿಸುತ್ತದೆ.

ಹರಾಜಿನ ಬಗ್ಗೆಯೂ ಒಂದು ಮಾತು. ಬ್ಯಾಂಕು, ಫೈನಾನ್ಸ್‌ಗಳು ಗಾಡಿಯನ್ನು ಇದ್ದಲ್ಲಿ ಇದ್ದಂತೆ ಮಾರುತ್ತವೆ. ಮಾರುವ ಮೊದಲು ಲ್ಯಾಪ್‌ಟಾಪ್ ಹಾಕಿ ಕೋಡ್ ಅಳಿಸಿಬಿಟ್ಟರೆ ಕೊಳ್ಳುವವನಿಗೆ ಸ್ಟಾರ್ಟ್ ಮಾಡಿ ನೋಡಿದಾಗ ಎಲ್ಲ ಸರಿಯೆಂದೇ ಕಾಣುತ್ತದೆ. ಆದರೆ ಆನ್‌ಲೈನ್ ನಿಗಾ ಇರುವ ಗಾಡಿಗಳಲ್ಲಿ ಯಾವ ಕೋಡ್ ಯಾವಾಗ ಬಂತು, ಎಷ್ಟು ಗಂಟೆ ಓಡಿತ್ತು ಎಂಬ ದಾಖಲೆ ಕಂಪನಿಯ ಬಳಿ ಇರುತ್ತದೆ. ಗಾಡಿಯ ಜೊತೆ ಆ ದಾಖಲೆಯೂ ಹೊಸ ಮಾಲೀಕನಿಗೆ ಸೇರಬೇಕು. ಸೀರಿಯಲ್ ನಂಬರ್ ಮತ್ತು ಮಾರಾಟದ ಪತ್ರ ತೋರಿಸಿದವನಿಗೆ ಅದನ್ನು ಪ್ರಿಂಟ್ ಹಾಕಿ ಕೊಡಲು ಏನಡ್ಡಿ?

ಇಲಾಖೆಗೆ ನನ್ನ ಬೇಡಿಕೆ ಇದು: ನಿರ್ಮಾಣ ಯಂತ್ರಗಳನ್ನು ರಿಪೇರಿ ಹಕ್ಕಿನ ಐದನೆಯ ಕ್ಷೇತ್ರವಾಗಿ ಸೇರಿಸಿ, ವಾರಂಟಿ ಮುಗಿದ ಪ್ರತಿ ಮಾದರಿಯ ಕೋಡ್ ಪಟ್ಟಿ ಮತ್ತು ವೈರಿಂಗ್ ನಕ್ಷೆ ಪೋರ್ಟಲ್‌ನಲ್ಲಿ ಹಾಕಬೇಕೆಂದು ಕಂಪನಿಗಳಿಗೆ ಗಡುವು ಕೊಡಿ. ಕೋಡ್ ಪಟ್ಟಿ ಕನ್ನಡದಲ್ಲೂ ಬರಲಿ. ಮಾನಿಟರ್ ಎದುರು ಕೂರುವವನು ನಮ್ಮ ಹುಡುಗನೇ. ಕಂಪನಿಗಳ ಮುಖ್ಯಸ್ಥರೇ, ನೀವು ಕಾನೂನಿಗಾಗಿ ಕಾಯಬೇಕಾಗಿಯೂ ಇಲ್ಲ. ಹತ್ತು ವರ್ಷ ದಾಟಿದ ಮಾದರಿಗಳಿಂದ ನಾಳೆಯೇ ಆರಂಭಿಸಬಹುದು. ಆ ಗಾಡಿಗಳ ಸರ್ವಿಸ್‌ನಲ್ಲಿ ನಿಮಗೆ ಉಳಿದಿರುವ ಲಾಭ ಕಡಿಮೆ, ಬಿಡಿಭಾಗದ ವ್ಯಾಪಾರ ಹೇಗೂ ನಿಮ್ಮಲ್ಲೇ ಇರುತ್ತದೆ. ಗಾಡಿ ಓಡಿದರೆ ತಾನೇ ಫಿಲ್ಟರ್, ಸೀಲ್ ಕಿಟ್ ಮಾರಾಟವಾಗುವುದು?

ಈ ಪತ್ರಕ್ಕೆ ಇಲಾಖೆಯಿಂದಾಗಲಿ ಕಂಪನಿಗಳಿಂದಾಗಲಿ ಉತ್ತರ ಬಂದರೆ ಅದನ್ನೂ ಈ ಬಹಿರಂಗ ಪತ್ರ ಪ್ರಕಟಿಸುವ ಪತ್ರಿಕೆಯಲ್ಲೇ ಪ್ರಕಟಿಸಬೇಕೆಂದು ಕೋರುತ್ತೇನೆ. ಪರೀಕ್ಷೆಯ ಕ್ರಮಗಳನ್ನು ಕನ್ನಡಕ್ಕೆ ಇಳಿಸುವ ಕೆಲಸಕ್ಕೆ ನನ್ನಂಥ ಎಲೆಕ್ಟ್ರಿಷಿಯನ್‌ಗಳು ಬೇಕೆಂದರೆ ಕರೆಯಿರಿ, ಸಂಬಳ ಕೇಳದೆ ಬಂದು ಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಚೈನ್ ಮಿಷನ್ ಎಲೆಕ್ಟ್ರಿಷಿಯನ್
ಹೊಸಪೇಟೆ, ವಿಜಯನಗರ ಜಿಲ್ಲೆ